ಮೀಟರ್ ಮಾವ ಟಿಲ್ಲರ್ ಆರಿಸಿದ್ದು

ಮೀಟರ್ ಮಾವನಿಗೆ ಒಂದು ಚಾಳಿಯಿತ್ತು. ಯಾರು ಏನೇ ಹೇಳಲಿ, ತಾನೇ ಬಗ್ಗಿ ನೋಡುವವರೆಗೆ ನಂಬುವ ಆಸಾಮಿಯಲ್ಲ. ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದವರು ಅವರು. ‘ಈ ತಿಂಗಳು ನೀರೇ ಬಳಸಿಲ್ಲ ಸಾರ್, ಮನೇಲಿ ಯಾರೂ ಇರ್ಲಿಲ್ಲ’ ಎಂದು ಒದ್ದೆ ಕೈ ಒರೆಸಿಕೊಳ್ಳುತ್ತಲೇ ಹೇಳುವ ಎಷ್ಟು ಜನರನ್ನು ಕಂಡಿದ್ದರೋ! ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ, ಮುಚ್ಚಳ ತೆಗೆದು, ಮಂಡಿಯೂರಿ, ಅಂಕಿ ನೋಡಿಯೇ ಏಳುತ್ತಿದ್ದರು. ನಿವೃತ್ತಿಯಾದರೂ ಆ ಬಗ್ಗುವ ಅಭ್ಯಾಸ ಬಿಡಲಿಲ್ಲ. ಬೀದಿಯಲ್ಲಿ ಯಾರಾದರೂ ಗುಂಡಿ ತೋಡುತ್ತಿದ್ದರೆ ಮುಗಿಯಿತು, ತರಕಾರಿ ಚೀಲ ಪಕ್ಕಕ್ಕಿಟ್ಟು ಒಳಗೆ ಇಣುಕಿ, ‘ಎಷ್ಟು ಅಡಿ? ಯಾಕೆ? ಮೂರಡಿ ಸಾಕಾಗಲ್ವಾ?’ ಎಂದು ಕೆಲಸದವರ ಜೀವ ಹಿಂಡುತ್ತಿದ್ದರು. ಬೀದಿಯವರು ಅವರಿಗೆ ಮೀಟರ್ ಮಾವ ಎಂದು ಹೆಸರಿಟ್ಟ ಮೇಲೆ ಅವರ ಹೆಂಡತಿ ತಾನಾಗಿಯೇ ಊರಿಗೆಲ್ಲ ಅತ್ತೆಯಾದರು.

ಅತ್ತೆಯ ಕಣ್ಣು ಹೋಗುತ್ತಿತ್ತು. ಕಣ್ಣೊಳಗೆ ಒತ್ತಡ ಏರುವ ಕಾಯಿಲೆ. ಬಲಗಣ್ಣು ಹಿಂದಿನ ವರ್ಷವೇ ಪೂರ್ತಿ ಆರಿಹೋಗಿತ್ತು. ಎಡಗಣ್ಣಲ್ಲಿ ಸಣ್ಣ ಕಿಟಕಿಯಷ್ಟು ನೋಟ ಉಳಿದಿತ್ತು. ‘ಇನ್ನು ಐದಾರು ತಿಂಗಳು ಅಂದ್ಕೊಳ್ಳಿ, ಹೆಚ್ಚು ಹೇಳೋಕಾಗಲ್ಲ’ ಎಂದರು ಡಾಕ್ಟರು. ಅತ್ತೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಎರಡು ಮಾತು ಹೇಳಿದರು. ‘ಒಂದು, ಮನೆಯೊಳಗೆ ಯಾರೂ ನನ್ನ ಕೈ ಹಿಡ್ಕೊಂಡು ನಡೆಸಬಾರದು. ನಾನೇ ಓಡಾಡ್ತೀನಿ. ಇನ್ನೊಂದು, ಹಿತ್ತಲು ಹಾಳುಬಿದ್ದಿದೆಯಲ್ಲ, ಅಲ್ಲಿ ಗಿಡ ಹಾಕಿ. ಹಿಂಬಾಗಿಲಿಂದ ಆ ಕಡೆ ಗೋಡೆವರೆಗೂ ನಾನೊಬ್ಬಳೇ ಹೋಗಿ ಬರೋ ಹಾಗಿರಬೇಕು. ಕಾಣೋಷ್ಟು ದಿನ ನೋಡ್ತೀನಿ, ಆಮೇಲೆ ಮೂಗಿದೆ, ಕೈಯಿದೆ.’

ಹಿತ್ತಲೆಂದರೆ ನಲವತ್ತಡಿ ಅಗಲ, ಎಪ್ಪತ್ತಡಿ ಉದ್ದ. ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಜಲ್ಲಿ, ಗಾರೆ ಎಲ್ಲ ಅಲ್ಲೇ ಬಿದ್ದು ವರ್ಷಗಳ ಬಿಸಿಲಿಗೆ ನೆಲ ಕಲ್ಲಾಗಿತ್ತು. ಅರ್ಧದವರೆಗೆ ಬಟ್ಟೆ ಒಗೆಯುವ ಕಲ್ಲು, ನಲ್ಲಿ, ಒಣಹಾಕುವ ತಂತಿ. ಅದರಾಚೆ ಮುಳ್ಳು ಕಳೆ. ಅತ್ತೆ ದಿನಾ ಬಕೆಟ್ ಹಿಡಿದು ತಂತಿಯವರೆಗೆ ಹೋಗಿ ಬರುತ್ತಿದ್ದರು, ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ.

ಮಾವ ಮೊದಲು ಪಿಕಾಸಿ ಹಿಡಿದರು. ಒಂದು ಗಂಟೆ ಕುಟ್ಟಿದ್ದಕ್ಕೆ ನೆಲ ಒಂದು ಚಾಪೆಯಷ್ಟು ಬಿಟ್ಟುಕೊಟ್ಟಿತು, ಸೊಂಟ ಪೂರ್ತಿ ಕೈಕೊಟ್ಟಿತು. ಎರಡು ದಿನ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಾಗ ಅವರ ತಲೆಯಲ್ಲಿ ಯಂತ್ರದ ಯೋಚನೆ ಹೊಕ್ಕಿತು. ಹೊಕ್ಕ ಮೇಲೆ ಕೇಳಬೇಕೆ?

ಅತ್ತೆಯ ತಮ್ಮನಿಗೆ ಸ್ವಂತ ಟ್ರ್ಯಾಕ್ಟರ್ ಇತ್ತು. ಹಿಂದೆ ಮಣ್ಣು ಹುಡಿ ಮಾಡುವ ರೋಟಾವೇಟರ್ ಕಟ್ಟಿಕೊಂಡು ಊರಾಚೆಯ ಹೊಲಗಳನ್ನು ಉಳುವುದು ಅವನ ಕಸುಬು. ಭಾರಿ ಆಳು, ಭಾರಿ ಬಾಯಿ. ಸುದ್ದಿ ಕೇಳಿದವನೇ ಬಂದು, ‘ಭಾವ, ಇದೂ ಒಂದು ಕೆಲಸಾನಾ? ಬಿಡುವಾದ ಕೂಡ್ಲೇ ಬರ್ತೀನಿ. ನೀವು ಟೀ ಕುಡಿದು ಲೋಟ ತೊಳೆಯೋದ್ರೊಳಗೆ ಹಿತ್ತಲು ಹಿಟ್ಟಾಗಿರುತ್ತೆ’ ಎಂದ.

‘ಬ್ಲೇಡು ಎಷ್ಟು ಆಳಕ್ಕೆ ಇಳಿಯುತ್ತೆ?’

‘ಇಳಿಯುತ್ತೆ ಭಾವ, ಬೇಕಾದಷ್ಟು.’

‘ಬೇಕಾದಷ್ಟು ಅಂದ್ರೆ ಎಷ್ಟಿಂಚು? ಗಾಡಿ ತೂಕ ಎಷ್ಟು? ತಿರುಗಿಸೋಕೆ ಎಷ್ಟು ಜಾಗ ಬೇಕು?’

‘ಅಕ್ಕಾ!’ ಎಂದು ಕೂಗಿದ ಅವನು. ‘ನಾನೇನು ಇಲ್ಲಿ ಪರೀಕ್ಷೆ ಬರೆಯೋಕೆ ಬಂದಿದ್ದೀನಾ?’

ಒಳಗಿನಿಂದ ಅತ್ತೆ ನಕ್ಕರು. ‘ನಾನು ಮೂವತ್ತೆಂಟು ವರ್ಷದಿಂದ ಬರೀತಿದ್ದೀನಿ, ನೀನು ಒಂದು ದಿನ ಬರಿ.’

ಮರುದಿನ ಮಾವ ಅವನು ಉಳುತ್ತಿದ್ದ ಹೊಲಕ್ಕೇ ಹೋದರು, ಕೈಯಲ್ಲಿ ಒಂದು ಕಬ್ಬಿಣದ ಸರಳು. ಟ್ರ್ಯಾಕ್ಟರ್ ಮುಂದೆ ಮುಂದೆ, ಮಾವ ಹಿಂದೆ ಹಿಂದೆ. ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಸರಳು ಚುಚ್ಚುವುದು, ಬೆರಳಲ್ಲಿ ಗುರುತು ಹಿಡಿದು ಅಳೆಯುವುದು. ಮೈದಾನದಂಥ ಹೊಲದಲ್ಲಿ ಅದರ ಕೆಲಸ ನೋಡಿ ಅವರಿಗೆ ನಿಜಕ್ಕೂ ಸಂತೋಷವಾಯಿತು. ಎಂಟಿಂಚು ಆಳದವರೆಗೆ ಸರಳು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತಿತ್ತು. ಆದರೆ ಹೊಲದ ಕೊನೆಯಲ್ಲಿ, ಗಾಡಿ ತಿರುಗಿದ ಕಡೆ, ಚಕ್ರ ಒತ್ತಿದ ನೆಲದೊಳಗೆ ಅದೇ ಸರಳು ಎರಡಿಂಚು ಹೋಗಲು ಒದ್ದಾಡಿತು. ತಿರುಗಲು ಆ ಗಾಡಿಗೆ ಹತ್ತು ಹನ್ನೆರಡು ಹೆಜ್ಜೆ ಜಾಗ ಬೇಕು. ಹಿತ್ತಲಲ್ಲಿ ಎರಡೂ ಕೊನೆಗೆ ಅಷ್ಟಷ್ಟು ಬಿಟ್ಟರೆ ಉಳಿಯುವುದೇನು? ನಾಲ್ಕು ಮೂಲೆಯೂ ಹಾಗೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಪೇಚು, ಹಿತ್ತಲಿಗೆ ಹೋಗುವ ಪಕ್ಕದ ಓಣಿಯಲ್ಲಿ ಶೌಚದ ಗುಂಡಿಯ ಚಪ್ಪಡಿಯಿತ್ತು. ಎರಡು ಟನ್ ಗಾಡಿ ಅದರ ಮೇಲೆ ಹತ್ತಿದರೆ ಭಾವಮೈದುನ ಎಲ್ಲಿ ಇಳಿಯುತ್ತಾನೆಂದು ಯೋಚಿಸಿ ಮಾವನಿಗೆ ಒಬ್ಬರಿಗೇ ನಗು ಬಂತು.

ಆಮೇಲೆ ಅವರು ಹೋದದ್ದು ಯಂತ್ರ ಬಾಡಿಗೆಗೆ ಕೊಡುವ ಅಂಗಡಿಗೆ. ಅಲ್ಲಿನ ಯಜಮಾನಿ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಯಾವುದೋ ಎಂಜಿನ್ ಬಿಚ್ಚುತ್ತಿದ್ದಳು. ಮಾವ ಪ್ರಶ್ನೆ ಕೇಳಲು ಬಾಯಿ ತೆರೆಯುವ ಮೊದಲೇ ಅವಳೇ ಕೇಳಿದಳು: ‘ಜಾಗ ಎಷ್ಟು? ಮೂಲೆ ಎಷ್ಟು? ಕಲ್ಲು ಎಷ್ಟು? ಮೂರು ನೀವು ಹೇಳಿ, ಒಂದು ನಾನು ಹೇಳ್ತೀನಿ.’

ಮಾವನಿಗೆ ತಮ್ಮ ಜಾತಿಯ ಮನುಷ್ಯರೊಬ್ಬರು ಕೊನೆಗೂ ಸಿಕ್ಕಿದಂತಾಯಿತು. ಅವರು ಹೇಳಿದರು, ಅವಳು ಕೇಳಿದಳು. ಹಿಡಿ ಹಿಡಿದು ಹಿಂದೆ ನಡೆಯುತ್ತಾ ನೆಲ ಅಗೆಯುವ ಟಿಲ್ಲರೇ ಸರಿ ಎಂದಳು, ಆದರೆ ಅದರಲ್ಲೂ ಎರಡು ಬಗೆ. ಒಂದಕ್ಕೆ ಬ್ಲೇಡು ಮುಂದೆ, ಹಗುರ. ಇನ್ನೊಂದಕ್ಕೆ ಮುಂದೆ ಚಕ್ರ, ಬ್ಲೇಡು ಹಿಂದೆ, ಭಾರ. ‘ಮೊದಲೇ ಸಡಿಲ ಇರೋ ಮಣ್ಣಿಗೆ ಹಗುರದ್ದು ಸಾಕು. ನಿಮ್ಮದು ಗಟ್ಟಿ ನೆಲ, ಭಾರದ್ದೇ ಬೇಕು.’

‘ಯಾಕೆ?’

‘ಯಾಕೆ ಅಂತ ಬಾಯಲ್ಲಿ ಹೇಳಿದ್ರೆ ನೀವು ನಂಬೋ ಹಾಗೆ ಕಾಣಲ್ಲ. ಬನ್ನಿ.’

ಅಂಗಡಿಯ ಹಿಂದೆ ಒಣಗಿದ ಖಾಲಿ ಜಾಗವಿತ್ತು. ಹಗುರದ ಯಂತ್ರವನ್ನು ಮಾವನ ಕೈಗೆ ಕೊಟ್ಟು ಚಾಲೂ ಮಾಡಿದಳು. ಬ್ಲೇಡು ನೆಲ ಕಚ್ಚುವ ಬದಲು ನೆಲದ ಮೇಲೆ ಕುಣಿಯಿತು. ಕುಣಿಯುತ್ತಾ ಓಡಿತು. ಮಾವ ಬಿಡಬಾರದೆಂಬ ಹಟಕ್ಕೆ ಬಿದ್ದು, ಹಿಂದೆ ಜಗ್ಗುತ್ತಾ, ‘ಏಯ್ ಏಯ್’ ಎನ್ನುತ್ತಾ ಬೇಲಿಯವರೆಗೆ ಹೋದರು. ಚಪ್ಪಲಿ ಒಂದು ಕಡೆ, ಕನ್ನಡಕ ಇನ್ನೊಂದು ಕಡೆ. ಯಜಮಾನಿ ಓಡಿ ಬಂದು ಗುಂಡಿ ಒತ್ತಿ ನಿಲ್ಲಿಸಿ, ‘ಅದರ ಜೊತೆ ಜಗಳ ಆಡಬೇಡಿ ಸಾರ್’ ಎಂದಳು. ಆಮೇಲೆ ಭಾರದ್ದನ್ನು ಕೊಟ್ಟಳು. ಅದು ತನ್ನ ಚಕ್ರದಿಂದ ಮೆಲ್ಲಗೆ ಮುಂದೆ ಸಾಗುತ್ತಾ ಹಿಂದೆ ನೆಲವನ್ನು ಹುಡಿ ಮಾಡುತ್ತಾ ಹೋಯಿತು. ಮಾವ ಒಂದು ಕೈಯಲ್ಲೇ ಹಿಡಿದು ನಡೆದರು. ನಿಂತು, ಮಂಡಿಯೂರಿ, ಸರಳು ಚುಚ್ಚಿ ನೋಡಿ, ‘ಓಹೋ’ ಎಂದರು.

ಪ್ರತಿ ಸಂಜೆ ಇದೆಲ್ಲದರ ವರದಿ ಅತ್ತೆಗೆ ಒಪ್ಪಿಸಬೇಕು. ಅತ್ತೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಾ ಕೇಳುತ್ತಿದ್ದರು. ಬೇಲಿಯ ಕತೆಗೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಬಟಾಣಿ ಮಡಿಲಿಂದ ಉರುಳಿಹೋಯಿತು. ಅದನ್ನು ಮಾವನೇ ಆರಿಸಿ ಕೊಟ್ಟರು.

‘ಹಿತ್ತಲು ಪೂರ್ತಿ ಅಗೀಲೇಬೇಕಾ ರೀ?’ ಎಂದು ಅತ್ತೆ ಒಂದು ದಿನ ಕೇಳಿದರು.

‘ಪೂರ್ತಿ ಕಣೇ! ಒಂದಿಂಚೂ ಬಿಡಲ್ಲ. ನೀನು ನೋಡ್ತಿರು, ಗೋಡೆಯಿಂದ ಗೋಡೆಗೆ ರಗ್ಗು ಹಾಸಿದ ಹಾಗಿರುತ್ತೆ. ಮೊದಲ ಹೂ ನೀನು ಕಣ್ಣಾರೆ ನೋಡಬೇಕು. ಅದಕ್ಕೇ ನನಗೆ ಇಷ್ಟು ಅವಸರ.’

ಅತ್ತೆ ಮತ್ತೆ ಬಟಾಣಿಗೆ ಕೈ ಹಾಕಿದರು. ಮಾವ ಬ್ಲೇಡಿನ ವಿಷಯ ಮುಂದುವರಿಸಿದರು.

ಅಂತೂ ತೀರ್ಮಾನವಾಯಿತು: ಹಿಂದೆ ಬ್ಲೇಡಿರುವ ಕೈ ಟಿಲ್ಲರ್. ಭಾವಮೈದುನ ಮುಖ ಊದಿಸಿಕೊಂಡ. ‘ಮನೇಲಿ ಟ್ರ್ಯಾಕ್ಟರ್ ಇಟ್ಕೊಂಡು ಆ ಆಟದ ಸಾಮಾನು ತರ್ತೀರಾ?’ ಎಂದು ಗೊಣಗಿದರೂ ಕೆಲಸ ಶುರುವಾದ ದಿನ ಮೊದಲು ಬಂದವನು ಅವನೇ. ಹಿಂದಿನ ಸಂಜೆ ನೆಲಕ್ಕೆ ನೀರು ಕುಡಿಸಿದ್ದರು. ಮೊದಲ ಸುತ್ತು ಎರಡಿಂಚು, ಅಡ್ಡಲಾಗಿ ಎರಡನೆಯ ಸುತ್ತು ನಾಲ್ಕಿಂಚು, ಮತ್ತೆ ಉದ್ದಕ್ಕೆ ಆರಿಂಚು. ಒಂದೇ ಸಲ ಆಳಕ್ಕಿಳಿಸಿದರೆ ಯಂತ್ರ ತಿಣುಕುತ್ತದೆಂದು ಯಜಮಾನಿ ಹೇಳಿದ್ದಳು. ಮಾವ ಅದನ್ನೂ ಒಂದು ಸಲ ಮಾಡಿ ನೋಡಿಯೇ ಒಪ್ಪಿದರು. ಇಟ್ಟಿಗೆ, ಗಾಜು, ಮುರಿದ ಹೆಂಚು, ಒಂದು ಒಂಟಿ ಬೂಟು ಮೇಲೆ ಬಂದವು. ಆ ಬೂಟು ಯಾರದೆಂದು ಮಾವ ಅರ್ಧ ದಿನ ತಲೆ ಕೆಡಿಸಿಕೊಂಡರು. ಭಾವಮೈದುನ ಬುಟ್ಟಿಗಟ್ಟಲೆ ಕಲ್ಲು ಹೊತ್ತ. ನಾಲ್ಕನೆಯ ದಿನ ಬೆಳಿಗ್ಗೆ ತಂತಿಯ ಕಂಬ ಕಿತ್ತರು, ಒಗೆಯುವ ಕಲ್ಲನ್ನು ಉರುಳಿಸಿ ನಲ್ಲಿಯ ಪಕ್ಕದ ಗೋಡೆಗೆ ಒರಗಿಸಿದರು, ಉಳಿದಿದ್ದ ಆ ಜಾಗವನ್ನೂ ಹುಡಿ ಮಾಡಿದರು. ಹಲುಬೆ ಎಳೆದು ಸಮ ಮಾಡಿದ ಮೇಲೆ ನೋಡಿದರೆ ಮೆಟ್ಟಿಲಿಂದ ಗೋಡೆಯವರೆಗೆ ಒಂದೇ ಮೆತ್ತನೆ ಕಪ್ಪು ನೆಲ.

‘ಬಾರೇ! ಬಾ, ನೋಡು ಬಾ!’ ಮಾವ ಹೊಸ ಮಣ್ಣಿನ ಮೇಲೆ ನಿಂತು ಕೂಗಿದರು.

ಅತ್ತೆ ಹಿಂಬಾಗಿಲಿಗೆ ಬಂದರು. ಮುಖದ ತುಂಬ ನಗು. ‘ತುಂಬಾ ಚೆನ್ನಾಗಿದೆ ರೀ’ ಎಂದರು. ಮೆಟ್ಟಿಲಿಳಿದು, ದಿನದಂತೆ ಧೈರ್ಯವಾಗಿ ನಾಲ್ಕು ಹೆಜ್ಜೆ ಇಟ್ಟರು. ಕಾಲು ಹೂತಿತು. ಸ್ವಲ್ಪ ಎಡಕ್ಕೆ ಇಟ್ಟರು, ಅಲ್ಲೂ ಹೂತಿತು. ಬಲಕ್ಕೆ ತಿರುಗಿದರು, ಮತ್ತೆ ತಿರುಗಿದರು. ಪಾದದಿಂದ ಮಣ್ಣನ್ನು ತಡವುತ್ತಾ ನಿಂತುಬಿಟ್ಟರು. ನಗು ಎಲ್ಲೋ ಹೋಗಿತ್ತು.

‘ರೀ... ಎಲ್ಲಿದ್ದೀರಿ?’

ಮಾವ ಎಂಟಡಿ ಎದುರಿಗೆ, ಬಿಳಿ ಅಂಗಿಯಲ್ಲಿ, ಸುಡುಬಿಸಿಲಲ್ಲಿ ನಿಂತಿದ್ದರು.

‘ಸ್ವಲ್ಪ ಕೈ ಕೊಡಿ’ ಎಂದು ಅತ್ತೆ ಯಾರೂ ಇಲ್ಲದ ಕಡೆಗೆ ಕೈ ಚಾಚಿದರು.

ಮಾವ ಓಡಿಹೋಗಿ ಆ ಕೈ ಹಿಡಿದರು. ಮೆಟ್ಟಿಲ ಮೇಲೆ ಕೂರಿಸಿದರು. ಭಾವಮೈದುನ ಬುಟ್ಟಿ ಹಿಡಿದವನು ಹಾಗೇ ನಿಂತಿದ್ದ.

‘ಎಷ್ಟು ದಿನ ಆಯ್ತು?’ ಎಂದು ಮಾವ ಕೇಳಿದರು.

‘ಮೂರು ವಾರ. ಒಂದಿನ ಎದ್ದಾಗ ಬೆಳಗಾಗಿದೆಯೋ ಇಲ್ವೋ ಗೊತ್ತಾಗ್ಲಿಲ್ಲ. ಹಾಲಿನವನ ಸೈಕಲ್ ಸದ್ದಿಗೆ ಗೊತ್ತಾಯ್ತು.’

‘ಮತ್ತೆ ದಿನಾ ಬಟ್ಟೆ ಒಣಹಾಕ್ತಿದ್ದೆಯಲ್ಲೇ!’

‘ಕಾಲಿಗೆ ಗೊತ್ತಿತ್ತು. ಮೆಟ್ಟಿಲಿಳಿದ್ರೆ ಜಲ್ಲಿ, ಜಲ್ಲಿ ಮುಗಿದ್ರೆ ಒಂದು ತಗ್ಗು, ತಗ್ಗಿಂದ ಎಡಕ್ಕೆ ಏಳು ಹೆಜ್ಜೆ ಗಟ್ಟಿ ನೆಲ, ಆಮೇಲೆ ಕಲ್ಲು. ಈಗ ಎಲ್ಲಾ ಒಂದೇ ಆಗಿಹೋಗಿದೆ.’

‘ನನಗ್ಯಾಕೆ ಹೇಳ್ಲಿಲ್ಲ?’

ಅತ್ತೆ ಸೆರಗಲ್ಲಿ ಮುಖ ಒರೆಸಿಕೊಂಡರು. ‘ನೀವು ದಿನಾ ಸಂಜೆ ಬಂದು ಅಷ್ಟು ಖುಷಿಯಾಗಿ ಹೇಳ್ತಿದ್ರಿ. ನಾನು ಹೂ ನೋಡ್ಬೇಕು ಅಂತ ಓಡಾಡ್ತಿದ್ರಿ. ಏನಂತ ಹೇಳ್ಲಿ?’

ಕಂಡವರ ಹೊಲದಲ್ಲಿ ಸರಳು ಚುಚ್ಚಿ ನೋಡಿದ ಮನುಷ್ಯ ಎದುರಿಗೆ ಕೂತ ಹೆಂಡತಿಯ ಕಣ್ಣನ್ನು ಮೂರು ವಾರ ನೋಡಿರಲಿಲ್ಲ. ಮಾವ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ‘ಎಂಥ ಮುಠ್ಠಾಳ ನಾನು’ ಎಂದು ತಲೆ ತಲೆ ಬಡಿದುಕೊಂಡರು. ಅತ್ತೆಯೇ ಅವರ ಬೆನ್ನು ಸವರಬೇಕಾಯಿತು.

ಮರುದಿನ ಡಾಕ್ಟರ ಬಳಿ ಹೋಗಿಬಂದರು. ಹೋದದ್ದು ಬರುವುದಿಲ್ಲವೆಂದರು ಅವರು. ಬರುವ ದಾರಿಯಲ್ಲಿ ಮಾವ ಸಿಮೆಂಟಿನ ದಾರಿ ಹಾಕಿಸುತ್ತೇನೆ, ಪಕ್ಕಕ್ಕೆ ಕಂಬಿ ನಿಲ್ಲಿಸುತ್ತೇನೆ, ಹಗ್ಗ ಕಟ್ಟುತ್ತೇನೆ ಎಂದು ಒಂದೇ ಸಮನೆ ಹೇಳುತ್ತಿದ್ದರು.

‘ಏನೂ ಬೇಡ’ ಎಂದರು ಅತ್ತೆ. ‘ದಿನಾ ನನ್ನನ್ನ ಮೆಟ್ಟಿಲಿಂದ ನೆಟ್ಟಗೆ ಗೋಡೆಗೆ ನಡೆಸಿ. ತುಳಿದೂ ತುಳಿದೂ ಗಟ್ಟಿಯಾಗ್ಲಿ. ಮೆತ್ತಗಾಯ್ತು ಅಂದ್ರೆ ದಾರಿ ತಪ್ಪಿದೆ ಅಂತ ಕಾಲೇ ಹೇಳುತ್ತೆ.’

ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಅತ್ತೆ ಮಾವನ ತೋಳು ಹಿಡಿದು ನಡೆದರು. ಮಾವ ನೀರು ಚಿಮುಕಿಸಿದರು, ಮತ್ತೆ ನಡೆದರು. ಭಾವಮೈದುನ ಹೊಲದಿಂದ ನೇರ ಬಂದು, ‘ಆ ಕಡೆ ಸರೀರಿ ಭಾವ, ಇದಕ್ಕೆ ನನ್ನಂಥ ತೂಕದವನೇ ಬೇಕು’ ಎಂದು ಧಪಧಪನೆ ತುಳಿದ. ಅಕ್ಕ ನಕ್ಕಳೆಂದು ಇನ್ನೂ ನಾಲ್ಕು ಸುತ್ತು ಹೆಚ್ಚು ತುಳಿದ.

ಒಂಬತ್ತನೆಯ ಬೆಳಿಗ್ಗೆ, ಇನ್ನೂ ಮೆಟ್ಟಿಲಿಳಿದು ಮೂರು ಹೆಜ್ಜೆಯಾಗಿರಲಿಲ್ಲ, ಅತ್ತೆ ನಿಂತರು.

‘ಈಗ ಬಿಡಿ.’

‘ಇನ್ನೆರಡು ದಿನ ಹೋಗ್ಲಿ ಕಣೇ. ಆ ಕೊನೇಲಿ ಇನ್ನೂ ಸ್ವಲ್ಪ...’

‘ಬಿಡಿ ಅಂದ್ನಲ್ಲ.’

ಮಾವ ಬಿಟ್ಟರು. ಅತ್ತೆ ನಡೆದರು, ನಿಧಾನವಾಗಿ, ಪಾದ ಪೂರ್ತಿ ಊರಿ. ಅರ್ಧದಾರಿಯಲ್ಲಿ ಬಲಗಾಲು ಅಂಚು ದಾಟಿ ಮೆತ್ತನೆ ಮಣ್ಣಿಗಿಳಿಯಿತು. ಮಾವ ಒಂದು ಹೆಜ್ಜೆ ಮುಂದಿಟ್ಟು, ಹಲ್ಲು ಕಚ್ಚಿ ಅಲ್ಲೇ ನಿಂತರು. ಅತ್ತೆ ಕಾಲು ಹಿಂದಕ್ಕೆಳೆದು, ಗಟ್ಟಿ ನೆಲ ಹುಡುಕಿ, ಮುಂದೆ ಸಾಗಿದರು. ಗೋಡೆ ಮುಟ್ಟಿ ಎರಡೂ ಅಂಗೈಯನ್ನು ಅದರ ಮೇಲೊತ್ತಿದರು.

‘ರೀ, ಅಲ್ಲೇ ಇದ್ದೀರಾ?’ ಎಂದು ಅಲ್ಲಿಂದಲೇ ಕೇಳಿದರು.

ಮಾವ ಹೌದೆಂದು ತಲೆಯಾಡಿಸಿದರು. ಅದು ಸಾಲದೆಂದು ಆಮೇಲೆ ಹೊಳೆಯಿತು.

‘ಇಲ್ಲೇ ಇದ್ದೀನಿ ಕಣೇ’ ಎಂದು ಕೂಗಿ ಹೇಳಿದರು.