ಅತ್ತೆಯ ಮೂಗು

ನಮ್ಮತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಆ ಮೂಗಿನಿಂದ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಪಕ್ಕದ ಮನೆಯಲ್ಲಿ ಹಾಲು ಸೀದರೆ ನಮ್ಮ ಮನೆಯಿಂದಲೇ ಕೂಗಿ ಹೇಳುತ್ತಾರೆ. ಬಟ್ಟೆ ಹೊಲಿದು ಒಬ್ಬನೇ ಮಗನನ್ನು ಸಾಕಿದವರು. ಗಂಡ ಸತ್ತಾಗ ಮನೆ ಬಿಡಿಸಲು ಬಂದ ಮೈದುನಂದಿರಿಗೆ, "ಕೈಯಲ್ಲಿ ಕತ್ತರಿ ಇದೆ, ಹುಷಾರು" ಎಂದವರು.

ನಾನು ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲ್ವಿಚಾರಕಿ. ಮೆಥನಾಲ್ ಎಂಬ ಆಲ್ಕೋಹಾಲಿನ ಆವಿಯನ್ನೂ ಅಮೋನಿಯವನ್ನೂ ಕಾದ ವೇಗವರ್ಧಕದ ಮೇಲೆ ಹಾಯಿಸುತ್ತೇವೆ. ಆಲ್ಕೋಹಾಲಿನ ಆಮ್ಲಜನಕ ನೀರಾಗಿ ಹೊರಬೀಳುತ್ತದೆ, ಆ ಜಾಗಕ್ಕೆ ಅಮೋನಿಯದ ಸಾರಜನಕ ಬಂದು ಕೂರುತ್ತದೆ. ಹೀಗೆ ಹುಟ್ಟುವುದೇ ಅಮೀನು. ಔಷಧಿ ಮಾಡುವವರಿಗೆ ಅದು ಬೇಕೇ ಬೇಕು. ನಾತ ಮಾತ್ರ ಕೊಳೆತ ಮೀನಿನದು. ಕೂದಲಿಗೆ ಹತ್ತಿದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ.

"ಬಂತು ಮೀನಿನ ಬುಟ್ಟಿ" ಎಂದು ಅತ್ತೆ ಬಾಗಿಲಲ್ಲೇ ನಿಂಬೆಹೋಳು ಕೊಡುತ್ತಿದ್ದರು. ಹುಳಿ ತಗುಲಿದರೆ ಅಮೀನು ಉಪ್ಪಾಗಿ ನಾತ ಅಡಗುತ್ತದೆ. ಅದನ್ನು ಹೇಳಿಕೊಟ್ಟವಳು ನಾನು. ತಾವೇ ಕಂಡುಹಿಡಿದವರಂತೆ ಬೀದಿಗೆಲ್ಲ ಹೇಳುವವರು ಅವರು.

ಒಂದು ಸಂಜೆ ಬಾಗಿಲಲ್ಲೇ ತಡೆದರು. "ನಿಂಬೆ ಸಾಲಲ್ಲ ಕಣೆ. ಮೊನ್ನೆಗಿಂತ ನಿನ್ನೆ ಜಾಸ್ತಿ ನಾರ್ತಿದ್ದೆ. ಇವತ್ತು ಇನ್ನೂ ಜಾಸ್ತಿ."

ಒಳಗೆ ದುಡಿಯುವ ನಮ್ಮ ಮೂಗುಗಳು ಆ ನಾತಕ್ಕೆ ಎಂದೋ ಸತ್ತಿವೆ. ಎಲ್ಲೋ ಸೋರುತ್ತಿದೆ, ಆ ಅನಿಲಕ್ಕೆ ಒಂದು ಕಿಡಿ ಸಾಕು. ತಕ್ಷಣ ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ಗ್ಯಾಸ್ ಲೀಕ್ ಮೀಟರ್ ಏನೂ ತೋರಿಸ್ತಿಲ್ವಲ್ಲ ಮೇಡಂ. ನಿಮ್ಮತ್ತೆ ಮೂಗು ನಂಬ್ಕೊಂಡು ಪ್ಲಾಂಟ್ ನಿಲ್ಲಿಸ್ಲಾ?" ಎಂದು ನಕ್ಕ.

ಗಾಳಿ ಆ ಮೀಟರಿನ ಕಡೆಗೆ ಬೀಸದಿದ್ದರೆ ಅದಕ್ಕೇನು ಮಣ್ಣು ಗೊತ್ತಾಗುತ್ತದೆ? ಮರುದಿನ ನನ್ನ ಪಾಳಿಗೆ ಅತ್ತೆಯೂ ಚಪ್ಪಲಿ ಮೆಟ್ಟಿ ಹೊರಟರು. ಅವರನ್ನು ತಡೆಯುವ ಧೈರ್ಯ ಗೇಟಿನವನಿಗೆ ಬರಲಿಲ್ಲ. ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮೂಗರಳಿಸುತ್ತ ಕೊಳವೆಗಳ ಉದ್ದಕ್ಕೂ ನಡೆದರು. ಒಂದು ಜೋಡಣೆಯ ಕೆಳಗೆ ನಿಂತು "ಇಲ್ಲೇ" ಎಂದರು. ಸೋಪುನೀರು ಹಚ್ಚಿದೆ. ಗುಳ್ಳೆಯ ಮೇಲೆ ಗುಳ್ಳೆ ಎದ್ದಿತು.

ಓಡಿ ಬಂದ ಮ್ಯಾನೇಜರ್ ಅದನ್ನು ನೋಡಿ ಪೆಚ್ಚಾದ. ಆದರೂ ಹಟ ಬಿಡಲಿಲ್ಲ. "ಲಾರಿ ಕಾಯ್ತಿದೆ. ಈ ಪಾಳಿ ಮುಗೀಲಿ, ಆಮೇಲೆ ರಿಪೇರಿ ಮಾಡ್ಸೋಣ. ಮೇಡಂ, ನೀವು ಕೆಲಸ ಶುರು ಮಾಡಿ."

"ಅವಳು ಮಾಡಲ್ಲ" ಎಂದರು ಅತ್ತೆ.

"ನೋಡಿ ಅಮ್ಮ, ನಿಮ್ಮ ಸೊಸೆ ಕೆಲಸ ಹೋಗುತ್ತೆ."

"ಹೋಗ್ಲಿ. ಕೆಲಸ ಇನ್ನೊಂದು ಸಿಗುತ್ತೆ. ಇವಳಿಗೆ ಏನಾದ್ರೂ ಆದ್ರೆ ದಿನಾ ನಾನು ಯಾರನ್ನ ಬೈಲಿ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಕಣ್ಣು ತುಂಬಿ ಬಂತು, ಧೈರ್ಯವೂ ಬಂತು. ಮ್ಯಾನೇಜರ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಕಂಟ್ರೋಲ್ ರೂಮಿಗೆ ಹೋಗಿ, ಇಡೀ ಪ್ಲಾಂಟ್ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ.