ಮೋರಿಯ ಬಾಲಕ್ಕೊಂದು ಹೆಸರು

ನನಗೆ ಒಂದು ಮೀನಿನ ಮೇಲೆ ಹೊಟ್ಟೆಕಿಚ್ಚಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು ಹೇಳಿಕೊಳ್ಳುವ ಮಾತಲ್ಲ, ಆದರೂ ಇದೆ. ಘಟ್ಟದ ಮೇಲಿನವರಿಗೆ ಮೋರಿ ಅಂದರೆ ಗಟಾರ. ನಮ್ಮ ಕಾರವಾರ, ಅಂಕೋಲೆಯಲ್ಲಿ ಮೋರಿ ಅಂದರೆ ಶಾರ್ಕ್. ಬಾಣಂತಿಗೆ ಹಾಲು ಹೆಚ್ಚಲೆಂದು ಸಾರು ಮಾಡಿ ಬಡಿಸುವ ಮರ್ಯಾದಸ್ಥ ಮೀನು.

ಶಾರ್ಕುಗಳಿಗೆ ಹೆಸರಿಟ್ಟ ಚರಿತ್ರೆ ಓದಿದರೆ ನಗು ಬರುತ್ತದೆ. ಪ್ರಾಣಿಗಳಿಗೆಲ್ಲ ಎರಡೆರಡು ಪದದ ಹೆಸರು ಹಂಚಿದ ಸ್ವೀಡನ್ನಿನ ಪಂಡಿತ ಇವನ್ನು ಮೀನಿನ ಪಂಕ್ತಿಯಿಂದ ಎಬ್ಬಿಸಿ ಕಪ್ಪೆ, ಹಾವುಗಳ ಪಂಕ್ತಿಯಲ್ಲಿ ಕೂರಿಸಿದ್ದ. ಆಮೇಲೆ ಬಂದವರು ಒಣಗಿದ ದವಡೆ ನೋಡಿ, ಯಾರೋ ಬರೆದ ಚಿತ್ರ ನೋಡಿ ಹೆಸರಿಟ್ಟರು. ಒಂದೇ ಶಾರ್ಕಿಗೆ ನಾಲ್ಕು ಬಂದರಿನಲ್ಲಿ ನಾಲ್ಕು ನಾಮಕರಣ. ಕೊನೆಗೆ ಮೊದಲು ಇಟ್ಟ ಹೆಸರಿಗೇ ಮಣೆ ಎಂದು ನಿಯಮವಾಯಿತು. ಮೊದಲು ಎಂದರೆ ಮೊದಲು ಅಚ್ಚು ಹಾಕಿಸಿದ್ದು, ಮೊದಲು ಕರೆದದ್ದಲ್ಲ. ಆ ಹೆಸರಿನ ಬಾಲಕ್ಕೆ ಅದನ್ನಿಟ್ಟವನ ಹೆಸರೂ ಅಂಟಿಕೊಂಡು ಬರುತ್ತದೆ. ಇಂಗ್ಲಿಷಿನವರು ಒಂದು ಜಾತಿಯನ್ನು ಹಾಲಿನ ಶಾರ್ಕ್ ಎನ್ನುತ್ತಾರೆ. ನಮ್ಮ ದೇಶದ ಬಾಣಂತಿಯರಿಂದ ಹೋದ ಹೆಸರಂತೆ. ಬಾಲದಲ್ಲಿ ಯಾವ ಬಾಣಂತಿಯೂ ಇಲ್ಲ.

ನನ್ನ ಮೀನು ಸಿಕ್ಕಿದ್ದು ಅಂಕೋಲೆಯ ಮೀನು ಪೇಟೆಯಲ್ಲಿ, ಸೋಮಕ್ಕನ ಬುಟ್ಟಿಯಲ್ಲಿ. ಮೊಳದುದ್ದ, ಬೂದು ಬಣ್ಣ, ಯಾವ ಪುಸ್ತಕದಲ್ಲೂ ಇಲ್ಲದ ಮೂತಿ. ಕೊಳೆಯದಂತೆ ಫಾರ್ಮಲಿನ್ ಬಾಟಲಿಗೆ ಹಾಕಿ, ಚೀಟಿ ಬರೆದು, ದೊಡ್ಡ ಊರಿನ ದೊಡ್ಡ ವಿಜ್ಞಾನಿಯೊಬ್ಬರಿಗೆ ಕಳಿಸಿದೆ. ಹೊಸ ಜಾತಿಯಾದರೆ ಬಾಲದಲ್ಲಿ ನನ್ನ ಹೆಸರೂ ಇರುತ್ತದೆಂದು ನಾನು ಹೆಂಡತಿಗೆ ಹೇಳಿ, ಅವಳು ಅಕ್ಕಪಕ್ಕದವರಿಗೆ ಹೇಳಿ ಆಗಿತ್ತು. ಕೆಲವು ವರ್ಷ ಬಿಟ್ಟು ಲೇಖನ ಬಂತು. ಮೀನಿಗೆ ವಿಜ್ಞಾನಿಯ ಗುರುಗಳ ಹೆಸರು, ಬಾಲದಲ್ಲಿ ವಿಜ್ಞಾನಿಯ ಹೆಸರು. ಕೊನೆಯ ಪುಟದಲ್ಲಿ ಸ್ಥಳೀಯ ಶಿಕ್ಷಕರೊಬ್ಬರಿಗೆ ಕೃತಜ್ಞತೆ ಇತ್ತು, ಅದು ನಾನು. ಆ ಕಹಿ ಇವತ್ತಿಗೂ ಇಳಿದಿಲ್ಲ. ನಾನೇನು ಅವರಿಗಿಂತ ಕಡಿಮೆಯೇ ಎಂದು ಅಂದಿನಿಂದ ಹೆಂಡತಿಯನ್ನು ಕೇಳುತ್ತಲೇ ಬಂದಿದ್ದೇನೆ.

ಮೊನ್ನೆ ಬಂಗಡೆ ಕೊಳ್ಳುವಾಗ ಸೋಮಕ್ಕನ ಮುಂದೆಯೂ ತೋಡಿಕೊಂಡೆ. ಹೆಸರಿಲ್ಲದ ಮೀನಿಗೆ ಹೆಸರು ಬರಲು ಕಾರಣನಾದವನನ್ನೇ ಮರೆತರು ಎಂದೆ.

"ಅದ್ಕೆ ಹೆಸ್ರು ಇಲ್ಲಾಗಿತ್ತು ಅಂತ ಯಾರ್ ಹೇಳದ್ರು ಮಾಸ್ತರ್ರೆ?" ಅವಳು ಬುಟ್ಟಿಯಿಂದ ಕಣ್ಣೆತ್ತಲಿಲ್ಲ. "ನಮ್ಮವ್ವಿ ಕರೀತಿದ್ದ ಹೆಸ್ರು ಅವತ್ತೇ ಹೇಳಿದ್ನಲ್ಲ. ನೀವು ಬರ್ಕಂಡ್ರಿ ಅಂತ ಮಾಡಿದ್ದೆ."

ಮನೆಗೆ ಬಂದು ಹಳೆಯ ಚೀಟಿಯ ನಕಲು ಹುಡುಕಿದೆ. ಸ್ಥಳ, ಉದ್ದ, ತೂಕ ಎಲ್ಲ ಇತ್ತು. ಸಂಗ್ರಹಿಸಿದವರು ಎಂಬಲ್ಲಿ ಇನಿಶಿಯಲ್ ಸಮೇತ ನಾನಿದ್ದೆ. ಸ್ಥಳೀಯ ಹೆಸರು ಎಂಬಲ್ಲಿ ನನ್ನದೇ ಅಕ್ಷರದಲ್ಲಿ 'ಇಲ್ಲ' ಎಂದಿತ್ತು.

ಮರುದಿನ ಪೆನ್ನು, ಹಾಳೆ ಹಿಡಿದು ಹೋದೆ. ಆ ಹೆಸರನ್ನು ಇನ್ನೊಮ್ಮೆ ಹೇಳು ಸೋಮಕ್ಕ ಎಂದೆ.

"ಈಗೆಂತಕೆ? ಆ ಮೋರಿ ಬಲೆಗೆ ಬರೂದು ನಿಂತು ಎಷ್ಟೋ ಮಳೆಗಾಲ ಆಯ್ತು. ಇಲ್ದೇ ಇದ್ದವ್ರನ್ನ ಹೆಸ್ರು ಹಿಡ್ದು ಕರೀಬಾರ್ದು."

ನನ್ನ ಕೈಯ ಖಾಲಿ ಹಾಳೆ ಇಸಿದುಕೊಂಡು ಅದರಲ್ಲೇ ಬಂಗಡೆ ಕಟ್ಟಿಕೊಟ್ಟಳು. ಮನೆಗೆ ಬಂದು ಹೆಂಡತಿಗೆ ಹೇಳಿದೆ, ಆ ವಿಜ್ಞಾನಿಗಿಂತ ನಾನೇನೂ ಕಡಿಮೆಯಲ್ಲ ಎಂದು.