ಸೆರಗಿಗೆ ಕಟ್ಟಿಕೊಂಡು ಹೋದ ವೀಳ್ಯ

ದಾವಣಗೆರೆ ವಿದ್ಯಾನಗರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಯಶೋದಾಳಿಗೆ ಅರ್ಜಿಯ ಏಳನೇ ಕಾಲಂವರೆಗೆ ಯಾವ ತೊಂದರೆಯೂ ಇರಲಿಲ್ಲ. ಜನಪದ ಕಲಾವಿದರಿಗೆ ಗುರುತಿನ ಚೀಟಿ ಕೊಡುತ್ತಾರಂತೆ ಎಂದು ವಾರ್ಡನ್ ಸುಧಾ ಮೇಡಂ ಅರ್ಜಿ ತಂದು ತಾವೇ ತುಂಬುತ್ತಿದ್ದರು.

"ಸೋಬಾನೆ ಮೇಳಕ್ಕೆ ಸೇರ್ಪಡೆ ಆದ ತಾರೀಖು?"

"ನಾನು ಸೇರೇ ಇಲ್ರಿ ಮೇಡಂ. ನಂಗೆ ವೀಳ್ಯ ಕೊಟ್ಟಿಲ್ಲ."

"ಇಪ್ಪತ್ತೆರಡು ವರ್ಷದಿಂದ ಹಾಡ್ತಿದೀನಿ ಅಂದ್ರಲ್ಲ!"

"ಹಿಂದೆ ನಿಂತು ದನಿ ಕೂಡಿಸ್ತೀನ್ರಿ, ಅಷ್ಟೇ."

ಐದು ವರ್ಷ ಆಗಿದ್ದರೆ ಸಾಕು, ಯಾವುದೋ ಒಂದು ತಾರೀಖು ಹಾಕೋಣ ಎಂದರು ಮೇಡಂ. ಯಶೋದಾ ಬ್ಯಾಡ ಎಂದಳು. ಸರ್ಕಾರದ ಕಾಲಮ್ಮಿಗೇನು, ಏನು ತುಂಬಿದರೂ ನಡೆಯುತ್ತದೆ. ಆದರೆ ಹರಿಹರದ ಓಬವ್ವನ ಮೇಳದಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ ವೀಳ್ಯ ಎಂದೇ ಹೆಸರು. ವೀಳ್ಯ ಪಡೆದವಳು ಮುಂದಿನ ಸಾಲಿನಲ್ಲಿ ಕೂತು ಪದ ಎತ್ತುತ್ತಾಳೆ, ಉಳಿದವರು ಹಿಂದೆ ನಿಂತು ಸೊಲ್ಲು ಹೇಳುತ್ತಾರೆ. ಕಾಗೆ ಕಂಠದವರೆಲ್ಲ ಮುಂದೆ ಹೋಗಿ ಕೂತರೂ ಯಶೋದಾ ಹಿಂದೆಯೇ ಉಳಿದಿದ್ದಳು. ತನ್ನಲ್ಲಿ ಏನು ಕೊರತೆ ಎಂಬುದು ಅವಳಿಗೆ ಈವರೆಗೂ ತಿಳಿದಿರಲಿಲ್ಲ. ವೀಳ್ಯವನ್ನು ಬಾಯಿಬಿಟ್ಟು ಕೇಳುವ ಪದ್ಧತಿಯೂ ಇಲ್ಲ.

ಮರುದಿನ ರಜೆ ಹಾಕಿ ಹರಿಹರದ ಬಸ್ಸು ಹತ್ತಿದಳು. ಓಬವ್ವ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನೇರ ಕೇಳಲು ಧೈರ್ಯ ಸಾಲದೆ ಯಶೋದಾ ಸುತ್ತಿ ಬಳಸಿ ಕೇಳಿದಳು.

"ದೊಡ್ಡವ್ವ, ವೀಳ್ಯ ಅಂದ್ರೆ ಏನು?"

"ಎಲೆ ಅಡಿಕೆ, ಮತ್ತೇನು? ಮೊದ್ಲು ಕಾಗದ ಎಲ್ಲಿತ್ತವ್ವ? ಕೆಲಸಕ್ಕೆ ಕರಿಯೋರು ಕೈಯಾಗೆ ಎಲೆ ಅಡಿಕೆ ಇಡೋರು. ಹಂಗೆ ಕೊಟ್ಟು ಕರೆದು ಕರೆದು, ಕರಿಯೋದಕ್ಕೇ ಆ ಹೆಸರು ನಿಂತಿತು. ನಮ್ಮ ಮೇಳದಾಗೆ ಬರೋಳು ನನ್ನೆದುರಿಗೇ ಮೆಲ್ಲಬೇಕು. ಒಲ್ಲದೋಳು ತಟ್ಟೆಗೆ ವಾಪಸ್ ಇಡಬೇಕು. ನೀನು ಎರಡೂ ಮಾಡ್ಲಿಲ್ಲ."

"ನಾನಾ?"

"ಪಿ.ಜೆ. ಬಡಾವಣೆ ಡಾಕ್ಟ್ರ ಮಗಳ ಮದ್ವ್ಯಾಗೆ ನಿನ್ನ ಕೈಯಾಗೆ ಇಟ್ಟೆ. ಸೆರಗಿಗೆ ಕಟ್ಟಿಕೊಂಡು ಹೋದಿ. ಯೋಚ್ನೆ ಮಾಡಿ ಹೇಳ್ತಾಳೆ ಅಂತ ಸುಮ್ಮನಾದೆ. ನೀನು ಹೇಳ್ಲೇ ಇಲ್ಲ."

ಯಶೋದಾಳಿಗೆ ಆ ಮದುವೆ ನೆನಪಾಯಿತು. ಆಗಿನ್ನೂ ಮೇಳಕ್ಕೆ ಹೊಸಬಳು. ಮದುವೆಮನೆಯಲ್ಲಿ ಬಂದವರಿಗೆಲ್ಲ ಕೊಡುವ ಎಲೆ ಅಡಿಕೆ ಎಂದುಕೊಂಡು ಮನೆಗೆ ಒಯ್ದಿದ್ದಳು.

"ಅತ್ತೆಗೆ ಎಲೆ ಅಂದ್ರೆ ಆಸೆ. ಅವ್ರಿಗೆ ಕೊಟ್ಟೆ ದೊಡ್ಡವ್ವ, ಅವ್ರು ತಿಂದ್ರು."

"ಹಂಗಾದ್ರೆ ಮೇಳಕ್ಕೆ ಸೇರಿದ್ದು ನಿಮ್ಮತ್ತೆ!" ಓಬವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು. "ಇಷ್ಟು ವರ್ಷ ಒಂದು ಮಾತು ಕೇಳಬಾರದಾ?"

"ನೀನು ಕೇಳಬಾರದಾ?"

ಯಶೋದಾಳಿಗೆ ಸಿಟ್ಟು ಬಂತು, ಆದರೆ ಯಾರ ಮೇಲೆಂದು ಗೊತ್ತಾಗಲಿಲ್ಲ. ಓಬವ್ವನ ಮೇಲೋ, ತೀರಿಕೊಂಡ ಅತ್ತೆಯ ಮೇಲೋ, ತನ್ನ ಮೇಲೆಯೋ?

ಓಬವ್ವ ಸೊಂಟದ ಸಂಚಿ ಬಿಚ್ಚಿದಳು. ಎರಡು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಯಶೋದಾಳ ಅಂಗೈಗೆ ಹಾಕಿದಳು. ಯಶೋದಾ ಅಲ್ಲೇ, ಅವಳ ಎದುರಿಗೇ ಮೆದ್ದಳು. ಕಣ್ಣಲ್ಲಿ ನೀರು ಬಂತು. ಸುಣ್ಣ ಜಾಸ್ತಿ ಆಯ್ತು ಎಂದಳು.

ಮಾರನೆಯ ದಿನ ದಾವಣಗೆರೆಯ ಕಚೇರಿಯಲ್ಲಿ ಗುಮಾಸ್ತರು ಅರ್ಜಿ ನೋಡಿ ಹುಬ್ಬು ಗಂಟಿಕ್ಕಿದರು.

"ಸೇರಿದ ತಾರೀಖು ನಿನ್ನೇದು ಹಾಕೀರಲ್ಲಮ್ಮ! ಐದು ವರ್ಷ ಆಗಿರ್ಬೇಕು. ಹಿಂಗಾದ್ರೆ ಕಾರ್ಡ್ ಬರಲ್ಲ. ತಪ್ಪಾಗಿ ಬರೆದ್ರೇನು?"

"ತಪ್ಪಲ್ರಿ ಸಾರ್, ನಿನ್ನೇನೇ ಸೇರಿದ್ದು," ಎಂದಳು ಯಶೋದಾ. "ಭಾನುವಾರ ಲೋಕಿಕೆರೆ ಮದ್ವಿಗೆ ಬರ್ರಿ. ಪದ ನಾನೇ ಎತ್ತೋದು."